ಗುಂಡಿ ಒತ್ತುವ ನೌಕರ, ಗುಂಡಿ ಒತ್ತುವ ಆಟಗಾರ

ಕೊಠಡಿ ಸಂಖ್ಯೆ 427ರಲ್ಲಿ ಕುಳಿತ 427ನೇ ನೌಕರ ಸ್ಟ್ಯಾನ್ಲಿಯ ಕೆಲಸ ಇಷ್ಟೇ: ಯಾವ ಗುಂಡಿಯನ್ನು, ಎಷ್ಟು ಹೊತ್ತು, ಯಾವ ಕ್ರಮದಲ್ಲಿ ಒತ್ತಬೇಕೆಂದು ಪರದೆಯ ಮೇಲೆ ಬರುವ ಆದೇಶವನ್ನು ಪಾಲಿಸುವುದು. ಒಂದು ದಿನ ಆದೇಶ ಬರುವುದಿಲ್ಲ. ಎದ್ದು ಹೊರಗೆ ಬಂದರೆ ಸಹೋದ್ಯೋಗಿಗಳೂ ಇಲ್ಲ. ‘ದಿ ಸ್ಟ್ಯಾನ್ಲಿ ಪ್ಯಾರಬಲ್’ ಎಂಬ ಕಂಪ್ಯೂಟರ್ ಆಟ ಆರಂಭವಾಗುವುದು ಹೀಗೆ. ಡೇವಿ ರೆಡೆನ್ 2011ರಲ್ಲಿ ‘ಹಾಫ್-ಲೈಫ್ 2’ ಆಟದ ಮಾರ್ಪಾಡಾಗಿ ರೂಪಿಸಿದ ಈ ಕೃತಿ, ವಿಲಿಯಂ ಪ್ಯೂ ಅವರ ಜೊತೆಗಾರಿಕೆಯಲ್ಲಿ 2013ರಲ್ಲಿ ಸ್ವತಂತ್ರ ಆಟವಾಯಿತು. ನಾನು ಆಡಿದ್ದು 2022ರಲ್ಲಿ ಬಂದ ‘ಅಲ್ಟ್ರಾ ಡೀಲಕ್ಸ್’ ಎಂಬ ವಿಸ್ತೃತ ಆವೃತ್ತಿಯನ್ನು.

ಎರಡು ಬಾಗಿಲುಗಳ ಮುಂದೆ ನಿಂತಾಗ, ಸ್ಟ್ಯಾನ್ಲಿ ಎಡಬದಿಯ ಬಾಗಿಲಿನಿಂದ ಒಳಹೊಕ್ಕನೆಂದು ನಿರೂಪಕನ ಧ್ವನಿ ಹೇಳುತ್ತದೆ. ನಾವಿನ್ನೂ ಹೆಜ್ಜೆಯನ್ನೇ ಇಟ್ಟಿರುವುದಿಲ್ಲ, ಆದರೆ ಮಾತು ಆಗಲೇ ಭೂತಕಾಲದಲ್ಲಿದೆ. ಆದೇಶವನ್ನು ನಡೆದುಹೋದ ಸಂಗತಿಯಂತೆ ನುಡಿಯುವ ಈ ಸೌಜನ್ಯ ಕಚೇರಿಯ ಸಭೆಗಳಲ್ಲಿ ಕುಳಿತವರಿಗೆಲ್ಲ ಪರಿಚಿತವೇ. ಕೆವನ್ ಬ್ರೈಟಿಂಗ್ ಅವರ ಕಂಠದಲ್ಲಿ ಅದು ಎಷ್ಟು ಹಿತವಾಗಿದೆಯೆಂದರೆ, ಬಲಕ್ಕೆ ತಿರುಗುವಾಗ ಸಣ್ಣದೊಂದು ಅಪರಾಧ ಮಾಡಿದಂತೆನಿಸುತ್ತದೆ. ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದವನಿಗೆ ಮಾತ್ರ ‘ಸ್ವಾತಂತ್ರ್ಯ’ ಎಂಬ ಹೆಸರಿನ ಅಂತ್ಯ ದೊರೆಯುವುದು ಇಲ್ಲಿನ ಮೊದಲ ವ್ಯಂಗ್ಯ.

ಹಲವು ಅಂತ್ಯಗಳ ಪೈಕಿ ನನ್ನನ್ನು ಹೆಚ್ಚು ಕಾಡಿದ್ದು ದೂರವಾಣಿಯನ್ನು ಎತ್ತಿಕೊಂಡಾಗ ತೆರೆದುಕೊಳ್ಳುವ ಮನೆಯ ದೃಶ್ಯ. ಬಾಗಿಲಲ್ಲಿ ಹೆಂಡತಿಯೆಂದು ನಿಂತಿರುವುದು ಅಂಗಡಿಯ ಬೊಂಬೆ. ಪರದೆಯ ಮೇಲೆ ಒಂದೊಂದೇ ಕೀಲಿಯ ಹೆಸರು ಮೂಡುತ್ತದೆ, ನಾವು ಒತ್ತುತ್ತೇವೆ, ಮತ್ತು ಒತ್ತಿದಂತೆಲ್ಲ ಮನೆ ತುಸುತುಸುವೇ ಕಚೇರಿಯಾಗುತ್ತದೆ. ಸ್ಟ್ಯಾನ್ಲಿಯನ್ನು ಕಂಡು ಮರುಗುತ್ತಿದ್ದ ನಾನು ಅವನದೇ ಕೆಲಸವನ್ನು, ಅದೂ ಸಂಬಳವಿಲ್ಲದೆ, ಮಾಡುತ್ತಿದ್ದೆನೆಂದು ಹೊಳೆದದ್ದು ಆ ಗಳಿಗೆಯಲ್ಲಿ.

ಹೊಸ ಆವೃತ್ತಿ ಈ ಗುಂಡಿಯನ್ನು ನೌಕರನಿಂದ ಗ್ರಾಹಕನ ಕೈಗೆ ದಾಟಿಸುತ್ತದೆ. ನಿರೂಪಕ ಮಾತು ಹೆಚ್ಚಾಡುತ್ತಾನೆಂಬ ವಿಮರ್ಶೆಗಳನ್ನು ಓದಿ ನೊಂದ ಅವನೇ, ತನ್ನ ಮಾತನ್ನು ಹಾರಿಸಿಬಿಡುವ ಗುಂಡಿಯೊಂದನ್ನು ಇಟ್ಟುಕೊಡುತ್ತಾನೆ. ಪ್ರತಿ ಒತ್ತಿನಲ್ಲೂ ಹಾರಿಹೋಗುವ ಕಾಲ ಬೆಳೆಯುತ್ತದೆ. ಒಂಟಿಯಾಗಿ ವರ್ಷಗಳನ್ನು ಕಳೆದ ಧ್ವನಿ ಒತ್ತಬೇಡವೆಂದು ಬೇಡುತ್ತದೆ, ಆದರೆ ಆ ಕೋಣೆಯಲ್ಲಿ ಮಾಡಲು ಬೇರೇನೂ ಇಲ್ಲ. ಆಟದ ಕಲ್ಪಿತ ಮುಂದುವರಿಕೆಯ ಪ್ರದರ್ಶನಾಂಗಣದಲ್ಲಿ ಆಟಗಾರನ ಹೆಸರು ಹಿಡಿದು ಕರೆಯುವ ಗುಂಡಿಯೂ ಇದೆ, ಯಾರು ಒತ್ತಿದರೂ ಅದು ‘ಜಿಮ್’ ಎನ್ನುತ್ತದೆ. ಪಕ್ಕದಲ್ಲೇ ತಳವಿಲ್ಲದ ಹಳ್ಳವೊಂದನ್ನೂ ಆಕರ್ಷಣೆಯೆಂದು ಮಾರಲಿಟ್ಟಿದ್ದಾರೆ. ಗುಂಡಿ ಎಂಬ ನಮ್ಮ ಪದದ ಎರಡೂ ಅರ್ಥಗಳು ಒಂದೇ ಸೂರಿನಡಿ ಸಿಕ್ಕ ಈ ಸಂತೋಷ ಕನ್ನಡದಲ್ಲಿ ಯೋಚಿಸುವ ಆಟಗಾರನಿಗೆ ಮಾತ್ರ ಮೀಸಲು.

ಕೊರತೆಗಳಿಲ್ಲವೆಂದಲ್ಲ. ಪ್ರತಿ ಅಂತ್ಯದ ನಂತರ ಅದೇ ಮೊಗಸಾಲೆಯನ್ನು ಮತ್ತೆ ನಡೆಯಬೇಕು. ಏಕತಾನತೆಯೇ ವಸ್ತುವೆಂಬ ಸಮರ್ಥನೆ ಹತ್ತನೆಯ ಸಲಕ್ಕೆ ಸವೆಯುತ್ತದೆ. ಬೊಂಬೆ ಸಂಗ್ರಹಿಸುವ ಹುಚ್ಚನ್ನು ಅಣಕಿಸುವ ಭಾಗದಲ್ಲಿ ನಾವು ನಿಜವಾಗಿಯೂ ಆರು ಬೊಂಬೆಗಳನ್ನು ಹುಡುಕಿ ಅಲೆಯಬೇಕು, ನಗು ಎರಡನೆಯದಕ್ಕೇ ಮುಗಿದಿರುತ್ತದೆ. ಹಳೆಯ ಆಟವನ್ನೇ ಹೊಸದೆಂದು ಮತ್ತೆ ಮಾರುವ ಮರುಮಾರಾಟವನ್ನು ಗೇಲಿ ಮಾಡುವ ಆಟವೇ ಮರುಮಾರಾಟದ ಸರಕಾಗಿರುವುದನ್ನು ಅದು ತಾನೇ ಒಪ್ಪಿಕೊಂಡರೂ ನನಗೆ ಪೂರ್ತಿ ಸಮಾಧಾನವಾಗಲಿಲ್ಲ.

ಇಂಗ್ಲಿಷ್ ಸಂಭಾಷಣೆಯನ್ನು ಅನುಸರಿಸಬಲ್ಲವರು ಇದನ್ನು ದಿನಕ್ಕೆ ಒಂದು ಗಂಟೆ ಮೀರದಂತೆ ಆಡುವುದು ಒಳ್ಳೆಯದು. ಅಂದಹಾಗೆ, 2013ರ ಆಟದಲ್ಲಿ ಐದು ವರ್ಷ ಆಡದೇ ಇದ್ದವರಿಗೆ ಒಂದು ಪದಕವಿತ್ತು. ಹೊಸದರಲ್ಲಿ ಆ ಅವಧಿ ಹತ್ತು ವರ್ಷವಾಗಿದೆ.