ಹಿಮದಲ್ಲಿ ಹಿಂದಿನ ಚಕ್ರದ ಸ್ಪೋರ್ಟ್ಸ್ ಕಾರು: ಮಿಶೆಲಿನ್ ಆಲ್ಪಿನ್ 6 ಟೈರು, ನಾಲ್ಕು ಚಳಿಗಾಲ ಓಡಿಸಿದ ಮೇಲೆ

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಕೆಲಸಕ್ಕೆ ಸೇರಿದ ಮೇಲೆ ನಾನು ತಗೊಂಡ ಮೊದಲ ಸ್ವಂತ ಕಾರು ಮಾಜ್ದಾ ಎಂಎಕ್ಸ್-5. ಎರಡೇ ಸೀಟು, ಬಟ್ಟೆಯ ಟಾಪು, 1.5 ಲೀಟರ್ ಎಂಜಿನ್, 132 ಅಶ್ವಶಕ್ತಿ, ಆರು ಗೇರು, ಎಳೆಯುವುದೆಲ್ಲ ಹಿಂದಿನ ಎರಡು ಚಕ್ರ. ಗೆಳೆಯರಿಗೆ ತೋರಿಸಿದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಚಂದ ಇದೆ ಮಾರಾಯ, ಆದರೆ ಹಿಮ ಬಿದ್ದಾಗ ಏನ್ ಮಾಡ್ತೀಯ?" ಇದೇ ಕಾರನ್ನೇ ಓಡಿಸುತ್ತೇನೆ. ನಾಲ್ಕು ಚಳಿಗಾಲ ಓಡಿಸಿದ್ದೇನೆ. ಅದಕ್ಕೆ ಕಾರಣವಾದ ಮಿಶೆಲಿನ್ ಆಲ್ಪಿನ್ 6 ಅನ್ನೋ ಚಳಿಗಾಲದ ಟೈರಿನ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಮೊದಲು ಆ ಭಯದ ಬಗ್ಗೆಯೇ ಹೇಳುತ್ತೇನೆ. ಹಿಂದಿನ ಚಕ್ರದ ಗಾಡಿ ಅಂದರೆ ನಮಗೇನೂ ಹೊಸದಲ್ಲ. ಅಂಬಾಸಿಡರ್ ಹಾಗೇ ಇತ್ತು, ಓಮ್ನಿ ಹಾಗೇ ಇತ್ತು, ಮಳೆಗಾಲದಲ್ಲಿ ಮಲೆನಾಡಿನ ಕೆಸರಲ್ಲಿ ಅವೆಲ್ಲ ಓಡಿವೆ. ಇಲ್ಲಿ ಎಲ್ಲರ ಚಿಂತೆ ಗಾಡಿ ಹೊರಡುತ್ತೋ ಇಲ್ವೋ ಅನ್ನೋದು. ಹೊರಡದಿದ್ದರೆ ಏನಾಯ್ತು, ನಿಂತಲ್ಲೇ ಇರುತ್ತೀರಿ, ಟ್ರೈನ್ ಹಿಡಿದು ಹೋಗುತ್ತೀರಿ. ಹೊರಟ ಮೇಲೆ ನಿಲ್ಲದಿದ್ದರೆ? ನಿಲ್ಲಿಸುವ ಕೆಲಸದಲ್ಲಿ ಮುಂದಿನ ಚಕ್ರ ಎಳೆಯುವ ಕಾರು, ನಾಲ್ಕೂ ಚಕ್ರ ಎಳೆಯುವ ಕಾರು, ನನ್ನ ಕಾರು ಎಲ್ಲವೂ ಒಂದೇ. ಬ್ರೇಕು ಎಲ್ಲದಕ್ಕೂ ನಾಲ್ಕು ಚಕ್ರದಲ್ಲೂ ಇದೆ. ಅಲ್ಲಿ ಲೆಕ್ಕಕ್ಕೆ ಬರುವುದು ನೆಲ ಮುಟ್ಟುವ ರಬ್ಬರು ಮಾತ್ರ.

ಇದು ನನಗೆ ಗೊತ್ತಾಗಿದ್ದು ಹಿಮವೇ ಇಲ್ಲದ ಒಂದು ಬೆಳಗ್ಗೆ. ನವೆಂಬರ್ ತಿಂಗಳು, ಕಾರು ತಗೊಂಡು ಎರಡು ವಾರ ಆಗಿತ್ತು, ಅದರ ಜೊತೆ ಬಂದ ಬೇಸಿಗೆ ಟೈರೇ ಇತ್ತು. ಸ್ಟುಟ್‌ಗಾರ್ಟ್ ಊರು ಬಾಣಲೆಯ ಹಾಗೆ, ಸುತ್ತ ಗುಡ್ಡ, ನಡುವೆ ಪೇಟೆ. ಯಾವ ಕಡೆಯಿಂದ ಬಂದರೂ ಇಳಿಜಾರು. ಹೊರಗೆ ಮೂರು ಡಿಗ್ರಿ, ರಸ್ತೆ ಸ್ವಲ್ಪ ಒದ್ದೆ, ನನ್ನ ವೇಗ 30 ದಾಟಿರಲಿಲ್ಲ. ಕೆಳಗೆ ಕೆಂಪು ಸಿಗ್ನಲ್ ಬಿತ್ತು. ಬ್ರೇಕ್ ಒತ್ತಿದೆ. ಕಾಲಡಿ ಎಬಿಎಸ್ (ಚಕ್ರ ಕಚ್ಚಿ ನಿಲ್ಲದ ಹಾಗೆ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುವ ವ್ಯವಸ್ಥೆ) ಕಟಕಟ ಅಂತ ಒದೆಯೋಕೆ ಶುರುವಾಯ್ತು, ಗಾಡಿ ಮಾತ್ರ ಏನೂ ಆಗದ ಹಾಗೆ ಜಾರುತ್ತಾ ಹೋಗಿ ಬಿಳಿ ಗೆರೆ ದಾಟಿ ಅರ್ಧ ಗಾಡಿ ಮುಂದೆ ನಿಂತಿತು. ಆ ಹೊತ್ತಿಗೆ ಯಾರೂ ರಸ್ತೆ ದಾಟುತ್ತಿರಲಿಲ್ಲ, ಅಷ್ಟೇ. ಮಗುವನ್ನು ಶಾಲೆಗೆ ಕರೆದುಕೊಂಡು ಹೋಗುವ ತಾಯಂದಿರು ಅದೇ ಜಾಗದಲ್ಲಿ ದಾಟುವುದನ್ನು ನಾನು ಎಷ್ಟು ಸಲ ನೋಡಿದ್ದೇನೆ. ಆ ಸಂಜೆಯೇ ಟೈರು ಹುಡುಕೋಕೆ ಕೂತೆ.

ಬೇಸಿಗೆ ಟೈರಿನ ರಬ್ಬರು ಸುಮಾರು ಏಳು ಡಿಗ್ರಿಗಿಂತ ಕೆಳಗೆ ಹೋದ ಹಾಗೆ ಗಟ್ಟಿಯಾಗುತ್ತಾ ಬರುತ್ತದೆ, ಗಟ್ಟಿಯಾದಷ್ಟೂ ರಸ್ತೆಯ ಹಿಡಿತ ಹೋಗುತ್ತದೆ. ಚಳಿಗಾಲದ ಟೈರಿನ ರಬ್ಬರು ಚಳಿಯಲ್ಲೂ ಮೆತ್ತಗೆ ಇರುತ್ತದೆ. ಜರ್ಮನಿಯಲ್ಲಿ ಇದಕ್ಕೆ ತಾರೀಖು ಕಟ್ಟಿದ ಕಾನೂನಿಲ್ಲ, ರಸ್ತೆಯ ಸ್ಥಿತಿ ನೋಡಿ ಅನ್ವಯಿಸುವ ಕಾನೂನು. ಹಿಮ, ಮಂಜುಗಡ್ಡೆ, ಇಬ್ಬನಿ ಹೆಪ್ಪುಗಟ್ಟಿದ ರಸ್ತೆ ಇದ್ದರೆ ಸರಿಯಾದ ಟೈರು ಇರಲೇಬೇಕು, ಇಲ್ಲದಿದ್ದರೆ 60 ಯೂರೋ ದಂಡ, ಜೊತೆಗೆ ಲೈಸೆನ್ಸ್ ಖಾತೆಗೆ ತಪ್ಪಿನ ಒಂದು ಪಾಯಿಂಟ್. 2024ರ ಅಕ್ಟೋಬರ್‌ನಿಂದ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ಇದ್ದರೆ ಮಾತ್ರ ಲೆಕ್ಕ. ಬರೀ ಎಂ ಪ್ಲಸ್ ಎಸ್ (ಕೆಸರು ಮತ್ತು ಹಿಮ) ಅಂತ ಬರೆದ ಹಳೇ ಟೈರು ಈಗ ನಡೆಯಲ್ಲ. ಸೆಕೆಂಡ್ ಹ್ಯಾಂಡ್ ಸೆಟ್ ತಗೊಳ್ಳುವವರು ಇದನ್ನು ಕಣ್ಣಾರೆ ನೋಡಿ. ಹಾಗೇ ಡಿಒಟಿ ಅಂತ ಇರುವ ಕಡೆ ಕೊನೆಯ ನಾಲ್ಕು ಅಂಕಿ ಓದಿ. 3621 ಅಂತಿದ್ದರೆ 2021ರ 36ನೇ ವಾರ ತಯಾರಾದದ್ದು.

ನಾನು ತಗೊಂಡಿದ್ದು ಆಲ್ಪಿನ್ 6, 195/50 ಆರ್16 ಅಳತೆ (195 ಮಿ.ಮೀ. ಅಗಲ, 16 ಇಂಚಿನ ರಿಮ್ಮು), ಬೇರೆ ರಿಮ್ಮಿನ ಸಮೇತ ಪೂರ್ತಿ ಸೆಟ್. ನನ್ನ ಕಾರಿಗೆ ಕಂಪನಿಯಿಂದ ಬರುವ ಅಳತೆಯೂ ಅದೇ. ದೊಡ್ಡ ರಿಮ್ಮು, ಅಗಲದ ಟೈರು ಚಳಿಗಾಲಕ್ಕೆ ಬೇಡ, ಸ್ವಲ್ಪ ಕಿರಿದಾದ ಟೈರು ಹಿಮವನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಹುಡುಕುತ್ತದೆ. ನನ್ನ ಸೆಟ್ 'ಎಚ್' ದರ್ಜೆಯದು, ಅಂದರೆ ಗಂಟೆಗೆ 210 ಕಿ.ಮೀ.ವರೆಗೆ. ಕಾರಿನ ಗರಿಷ್ಠ ವೇಗ 204, ಹಾಗಾಗಿ ತಲೆನೋವಿಲ್ಲ. 184 ಅಶ್ವಶಕ್ತಿಯ 2 ಲೀಟರ್ ಎಂಜಿನ್ನಿನ ಎಂಎಕ್ಸ್-5 ಇರುವವರ ಕಾರು 219ರವರೆಗೆ ಹೋಗುತ್ತದೆ, ಅವರು 'ಎಚ್' ಹಾಕಿದರೆ 210ರ ಮಿತಿಯ ಸ್ಟಿಕ್ಕರ್ ಒಂದನ್ನು ಚಾಲಕನ ಕಣ್ಣಿಗೆ ಬೀಳುವ ಕಡೆ ಅಂಟಿಸಿಕೊಳ್ಳಬೇಕು.

ಹೊಸ ಟೈರನ್ನು ಕೈಯಲ್ಲಿ ಒತ್ತಿ ನೋಡಿದರೆ ಒಂದು ವಿಷಯ ತಿಳಿಯುತ್ತದೆ. ನೆಲ ಮುಟ್ಟುವ ಬಟನ್‌ಗಳ (ರಬ್ಬರಿನ ಉಬ್ಬುಗಳ) ಮೇಲೆ ಬ್ಲೇಡಿನಲ್ಲಿ ಗೀರಿದ ಹಾಗೆ ನೂರಾರು ಸಣ್ಣ ಸೀಳು. ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಿದರೆ ಆ ಸೀಳುಗಳು ಪುಸ್ತಕದ ಹಾಳೆಗಳ ಹಾಗೆ ಬಾಗಿ ಬಾಯಿ ತೆರೆಯುತ್ತವೆ. ಹಿಮದ ಮೇಲೆ ಉರುಳುವಾಗ ಹಿಮ ಅದರೊಳಗೆ ಕಚ್ಚಿಕೊಳ್ಳುತ್ತದೆ. ಬ್ಲ್ಯಾಕ್ ಫಾರೆಸ್ಟಿನ ಮುಮ್ಮೆಲ್‌ಸೀ ಕೆರೆಯ ಹತ್ತಿರ ಒಂದು ಸಲ ಇಳಿದು ನೋಡಿದಾಗ ನಾಲ್ಕೂ ಟೈರಿನ ಮೈಗೆ ಹಿಮ ಮೆತ್ತಿಕೊಂಡು ಬಿಳಿಯಾಗಿತ್ತು. ನನ್ನ ಹೆಂಡತಿ "ಕೆರೆದು ತೆಗೀಬೇಕಾ?" ಅಂತ ಕೇಳಿದಳು. ಬೇಡ, ಅದೇ ಬೇಕಾಗಿರೋದು. ಹಿಮಕ್ಕೆ ಹಿಮವೇ ಚೆನ್ನಾಗಿ ಅಂಟುತ್ತದೆ, ಮಕ್ಕಳು ಹಿಮದ ಉಂಡೆ ಉರುಳಿಸಿದರೆ ದೊಡ್ಡದಾಗುತ್ತಾ ಹೋಗುತ್ತದಲ್ಲ, ಹಾಗೆ.

ಅದೇ ದಿನ ವಾಪಸ್ ಬರುವಾಗ ಆಗಿದ್ದನ್ನು ಹಿಂದಿನ ಚಕ್ರದ ಗಾಡಿ ಇರುವವರೆಲ್ಲ ಓದಲಿ ಅಂತ ಬರೆಯುತ್ತಿದ್ದೇನೆ. ಬಿ 500 ರಸ್ತೆ, ಸಾವಿರ ಮೀಟರ್ ಎತ್ತರದ ಆಸುಪಾಸು, ಎರಡೂ ಕಡೆ ದಟ್ಟ ಮರ. ಬಿಸಿಲು ಬಿದ್ದ ಕಡೆ ಕಪ್ಪು ಟಾರು, ಮರದ ನೆರಳಿನಲ್ಲಿ ತುಳಿದು ತುಳಿದು ಗಟ್ಟಿಯಾದ ಹಿಮ. ಇಳಿಜಾರು ಬಂತು, ಎಂಜಿನ್ನೇ ಗಾಡಿಯನ್ನು ಹಿಡಿಯಲಿ ಅಂತ ಮೂರರಿಂದ ಎರಡಕ್ಕೆ ಗೇರ್ ಇಳಿಸಿ, ಆಗುಂಬೆ ಘಾಟಿಯಲ್ಲಿ ಬಿಡುವ ಹಾಗೇ ಕ್ಲಚ್ ಬಿಟ್ಟೆ. ಘಾಟಿಯಲ್ಲಿ ಅದು ಸರಿ. ಹಿಮದಲ್ಲಿ ಎಂಜಿನ್ನಿನ ಆ ಹಿಡಿತ ಪೂರ್ತಿ ಹಿಂದಿನ ಚಕ್ರಕ್ಕೆ ಮಾತ್ರ ಬೀಳುತ್ತದೆ, ಹ್ಯಾಂಡ್‌ಬ್ರೇಕ್ ಎಳೆದ ಹಾಗೆ. ಹಿಂಭಾಗ ಒಂದು ಗೇಣಿನಷ್ಟು ಎಡಕ್ಕೆ ಸರಿಯಿತು. ತಕ್ಷಣ ಕ್ಲಚ್ ಒತ್ತಿದೆ, ಬ್ರೇಕ್ ಮುಟ್ಟಲಿಲ್ಲ, ಹೋಗಬೇಕಾದ ಕಡೆ ನೋಡುತ್ತಾ ಸ್ಟೇರಿಂಗನ್ನು ಸ್ವಲ್ಪವೇ ತಿರುಗಿಸಿದೆ. ಗಾಡಿ ತಾನಾಗೇ ನೆಟ್ಟಗಾಯ್ತು. ಈಗ ಇಳಿಜಾರು ಶುರುವಾಗುವ ಮುಂಚೆಯೇ, ರಸ್ತೆ ಸಮ ಇರುವಾಗಲೇ ಗೇರ್ ಇಳಿಸುತ್ತೇನೆ. ಎಕ್ಸಲೇಟರ್ ಸ್ವಲ್ಪ ಮುಟ್ಟಿ ಎಂಜಿನ್ನಿನ ವೇಗ ಏರಿಸಿಕೊಂಡು ಕ್ಲಚ್ಚನ್ನು ಮೆಲ್ಲಗೆ ಬಿಡುತ್ತೇನೆ.

ಆ ದಿನ ಕ್ಲಚ್ ಒತ್ತಬೇಕು ಅಂತ ಕಾಲಿಗೆ ಗೊತ್ತಿದ್ದದ್ದು ಇಲ್ಲಿನ ವಾಹನ ಚಾಲಕರ ಸಂಘವಾದ ಎಡಿಎಸಿ ಅವರ ಡ್ರೈವಿಂಗ್ ಸುರಕ್ಷತಾ ತರಬೇತಿಯಿಂದ. ಟೈರಿಗೆ ಖರ್ಚು ಮಾಡುವವರು ಅದಕ್ಕೂ ಒಂದು ದಿನ ಎತ್ತಿಡಿ. ಅಲ್ಲಿ ನೆಲದಲ್ಲಿ ಒಂದು ತಟ್ಟೆ ಇರುತ್ತದೆ. ಹಿಂದಿನ ಚಕ್ರ ಅದರ ಮೇಲೆ ಬರುವಾಗ ಅದು ಪಕ್ಕಕ್ಕೆ ಜಗ್ಗುತ್ತದೆ, ಮುಂದೆ ನೀರು ಹರಿಸಿದ ಜಾರು ನೆಲ. ಎಡಕ್ಕೆ ಎಳೆಯುತ್ತೋ ಬಲಕ್ಕೋ ಮೊದಲೇ ಗೊತ್ತಾಗಲ್ಲ. ಮೊದಲ ಮೂರು ಸಲ ನನ್ನ ಕಾರು ಪೂರ್ತಿ ತಿರುಗಿ ನಿಂತಿತು, ಆಮೇಲೆ ಕೈಗೆ ಅಭ್ಯಾಸ ಆಯ್ತು. ವೇಗದ ಲೆಕ್ಕವೂ ಅಲ್ಲೇ ಮನಸ್ಸಿಗೆ ನಾಟಿದ್ದು: 30ರಲ್ಲಿ ಬ್ರೇಕ್ ಒತ್ತಿದ ಮೇಲೆ ನಿಲ್ಲೋಕೆ ಎಷ್ಟು ದೂರ ಬೇಕೋ, ಅದೇ ನೆಲದಲ್ಲಿ 50ರಲ್ಲಿ ಅದರ ಸುಮಾರು ಮೂರು ಪಟ್ಟು ಬೇಕು. ಎಷ್ಟೇ ಒಳ್ಳೆಯ ಟೈರು ಹಾಕಿದರೂ ಇದು ಬದಲಾಗಲ್ಲ.

ಇನ್ನು ಹೊರಡುವ ವಿಷಯ, ಎಲ್ಲರೂ ಕೇಳೋದು. ನನ್ನ ಗಾಡಿಯಲ್ಲಿ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದು ಚಕ್ರ ಜಾರಿದರೆ ಇನ್ನೊಂದಕ್ಕೆ ಶಕ್ತಿ ಕಳಿಸುವ ಭಾಗ) ಇಲ್ಲ, ಆದರೂ ಈ ಟೈರಿನಲ್ಲಿ ನಾಲ್ಕು ಬೆರಳು ಹಿಮ ಇರುವ ನಮ್ಮ ಬೀದಿಯ ಏರನ್ನು ಹತ್ತುತ್ತದೆ. ಎರಡನೇ ಗೇರು, ಚಕ್ರ ನೇರ, ಎಕ್ಸಲೇಟರ್ ಮೇಲೆ ಕಾಲಿನ ಭಾರ ಇದೆಯೋ ಇಲ್ಲವೋ ಅನ್ನುವಷ್ಟು. ಪಾಚಿ ಕಟ್ಟಿದ ಅಂಗಳದಲ್ಲಿ ನಡೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ಸಣ್ಣ ಹೆಜ್ಜೆ, ದಿಢೀರ್ ತಿರುಗೋದಿಲ್ಲ, ದಿಢೀರ್ ನಿಲ್ಲೋದಿಲ್ಲ. ಈ ಕಾರಿನ ಭಾರ ಮುಂದೆ ಹಿಂದೆ ಹೆಚ್ಚುಕಡಿಮೆ ಸಮ, ಏರಿನಲ್ಲಿ ಇನ್ನಷ್ಟು ಭಾರ ಹಿಂದಕ್ಕೆ ವಾಲುತ್ತದೆ, ಅದು ಅನುಕೂಲವೇ. ಗಾಡಿ ಜಾರದ ಹಾಗೆ ಕಾಯುವ ಡಿಎಸ್‌ಸಿ ವ್ಯವಸ್ಥೆಯನ್ನು ರಸ್ತೆಯಲ್ಲಿ ಯಾವತ್ತೂ ಆರಿಸಬೇಡಿ. ಹೂತುಕೊಂಡಾಗ ಮಾತ್ರ ಆರಿಸಿ, ಇಲ್ಲದಿದ್ದರೆ ಅದು ಎಂಜಿನ್ನಿನ ಶಕ್ತಿಯನ್ನು ಕತ್ತರಿಸುತ್ತಲೇ ಇರುತ್ತದೆ, ಗಾಡಿ ಅಲ್ಲಾಡಲ್ಲ. ಹಿಂದೆ ಮುಂದೆ ತೂಗಿ ಹೊರಗೆ ಬಂದ ಕೂಡಲೇ ಮತ್ತೆ ಆನ್ ಮಾಡಿ. ಡಿಕ್ಕಿಯಲ್ಲಿ ಮರಳಿನ ಚೀಲ ಇಡಿ ಅಂತ ಕೆಲವರು ಹೇಳುತ್ತಾರೆ, ಪಿಕಪ್ ಗಾಡಿಗೆ ಅದು ಸರಿ, ಇಷ್ಟು ಹಗುರದ ಕಾರಿಗೆ ಬೇಡ, ಬಾಲ ಭಾರವಾಗಿ ತಿರುವಿನಲ್ಲಿ ಬೀಸುತ್ತದೆ.

ಒಂದು ಬೇಸರದ ಸಂಗತಿ. ಎರಡನೇ ವರ್ಷ ಚಕ್ರ ಬದಲಿಸೋಕೆ ಕೊಟ್ಟ ಅಂಗಡಿಯವರು (ಹೆಸರು ಬೇಡ) ಎಡಗಡೆಯ ಎರಡು ಚಕ್ರವನ್ನು ಬಲಗಡೆಗೆ, ಬಲಗಡೆಯದನ್ನು ಎಡಗಡೆಗೆ ಹಾಕಿ ಕಳಿಸಿದ್ದರು. ಆಲ್ಪಿನ್ 6 ಒಂದೇ ದಿಕ್ಕಿಗೆ ಉರುಳಬೇಕಾದ ಟೈರು, ಪಕ್ಕದಲ್ಲಿ 'ರೊಟೇಶನ್' ಅಂತ ಬರೆದು ಬಾಣ ಇರುತ್ತದೆ. ಉಲ್ಟಾ ಹಾಕಿದರೆ ನೀರು, ಕೆಸರಾದ ಹಿಮ ಸರಿಯಾಗಿ ಹೊರಗೆ ಹೋಗಲ್ಲ. ನಾನು ನೋಡಿದ್ದು ಮೂರು ದಿನ ಆದ ಮೇಲೆ, ಆ ಮೂರು ದಿನ ಜೋರು ಮಳೆ. ದುಡ್ಡು ಕೊಡುವ ಮುಂಚೆ ನಾಲ್ಕೂ ಚಕ್ರದ ಬಾಣ ನೋಡಿ, ಎರಡು ನಿಮಿಷದ ಕೆಲಸ. 50 ಕಿ.ಮೀ. ಓಡಿಸಿದ ಮೇಲೆ ನಟ್‌ಗಳನ್ನು ಮತ್ತೊಮ್ಮೆ ಬಿಗಿ ನೋಡಿಸಿ.

ಕೊರತೆಗಳೂ ಇವೆ. ಒಣ ರಸ್ತೆಯಲ್ಲಿ, ಹತ್ತು ಹನ್ನೆರಡು ಡಿಗ್ರಿ ಇರುವ ದಿನ, ಸ್ಟೇರಿಂಗ್ ತಿರುಗಿಸಿದರೆ ಗಾಡಿ ಅರೆಕ್ಷಣ ತಡವಾಗಿ ತಿರುಗುತ್ತದೆ. ಎಂಎಕ್ಸ್-5 ತಗೊಳ್ಳೋದೇ ಆ ಚುರುಕಿಗೆ, ಹಾಗಾಗಿ ಮಾರ್ಚ್ ತಿಂಗಳಲ್ಲಿ ನನಗೆ ಸಹನೆ ಕಮ್ಮಿಯಾಗುತ್ತದೆ. ಬಟ್ಟೆಯ ಟಾಪಿನ ಕೆಳಗೆ ಟೈರಿನ ಗುಂಯ್ ಸದ್ದು ಚೆನ್ನಾಗಿ ಕೇಳುತ್ತದೆ. ಇನ್ನು ಗಾಜಿನ ಹಾಗೆ ಹೆಪ್ಪುಗಟ್ಟಿದ ಮಂಜುಗಡ್ಡೆಯ ಮೇಲೆ ಇದೂ ಜಾರುತ್ತದೆ, ಯಾವ ಟೈರಾದರೂ ಜಾರುತ್ತದೆ. ಬೆಳಗಿನ ಸೇತುವೆಗಳ ಮೇಲೆ ಜಾಗ್ರತೆ, ಕೆಳಗೂ ಗಾಳಿ ಆಡುವುದರಿಂದ ಬೇರೆ ರಸ್ತೆಗಿಂತ ಮೊದಲು ಹೆಪ್ಪುಗಟ್ಟುವುದು ಅವೇ. ರಸ್ತೆ ಹಾಗೆ ಹೆಪ್ಪುಗಟ್ಟುತ್ತದೆ ಅಂತ ಹವಾಮಾನದವರು ಎಚ್ಚರಿಕೆ ಕೊಟ್ಟ ದಿನ ನಾನು ಕೀಲಿ ಮುಟ್ಟಲ್ಲ.

ತಾಪಮಾನ ಹತ್ತು ಡಿಗ್ರಿ ಇಳಿದರೆ ಟೈರಿನ ಗಾಳಿ ಸುಮಾರು 0.1 ಬಾರ್ ಕಮ್ಮಿಯಾಗುತ್ತದೆ, ಹಾಗಾಗಿ ಎರಡು ವಾರಕ್ಕೊಮ್ಮೆ ಬೆಳಗ್ಗೆ ಟೈರು ತಣ್ಣಗಿರುವಾಗ ನೋಡುತ್ತೇನೆ. ಸ್ಟೆಪ್ನಿ ಈ ಕಾರಿನಲ್ಲಿ ಇಲ್ಲ. ಡಿಕ್ಕಿಯಲ್ಲಿ ಒಂದು ಕಂಬಳಿ, ಪುಟ್ಟ ಸಲಿಕೆ, ಟಾಪಿನ ಬಟ್ಟೆ ಹರಿಯದ ಹಾಗೆ ಹಿಮ ಗುಡಿಸೋಕೆ ಮೆತ್ತನೆ ಬ್ರಶ್ಶು ಇಟ್ಟಿದ್ದೇನೆ. ನಮ್ಮ ಕಡೆ ಮಳೆಗಾಲಕ್ಕೆ ಎಸ್ಟೇಟ್ ಜೀಪಿನ ಚಕ್ರಕ್ಕೆ ಚೈನು ಕಟ್ಟುತ್ತಾರಲ್ಲ, ಆಲ್ಪ್ಸ್ ಕಡೆ ಹೋಗುವವರು ಅದನ್ನೂ ಇಟ್ಟುಕೊಳ್ಳಿ, ಕೆಲವು ಘಾಟಿಗಳಲ್ಲಿ ಚೈನು ಇಲ್ಲದೆ ಬಿಡುವುದಿಲ್ಲ. ಹಿಂದಿನ ಚಕ್ರದ ಗಾಡಿಯಲ್ಲಿ ಅದನ್ನು ಕಟ್ಟುವುದು ಹಿಂದಿನ ಚಕ್ರಕ್ಕೆ. ಆದರೆ ಚಕ್ರದ ಗೂಡಿನಲ್ಲಿ ಚೈನಿಗೆ ಜಾಗ ಇದೆಯಾ, ಯಾವ ಅಳತೆಯ ಟೈರಿಗೆ ಕಟ್ಟಬಹುದು ಅನ್ನೋದನ್ನು ಕಾರಿನ ಪುಸ್ತಕದಲ್ಲಿ ನೋಡಿಕೊಂಡೇ ತಗೊಳ್ಳಿ.

ಕಳೆದ ವಾರ ನೆಲಮಾಳಿಗೆಯಲ್ಲಿ ಸೆಟ್ ತೆಗೆದು ನೋಡಿದೆ. ಎರಡು ಯೂರೋ ನಾಣ್ಯದ ಬೆಳ್ಳಿ ಬಣ್ಣದ ಅಂಚು ನಾಲ್ಕು ಮಿಲಿಮೀಟರ್ ಅಗಲ, ಅದನ್ನು ಟೈರಿನ ಗೀರಿನೊಳಗೆ ನಿಲ್ಲಿಸಿದರೆ ಅಂಚು ಪೂರ್ತಿ ಮುಳುಗಬೇಕು. ಕಾನೂನಿಗೆ ಗೀರಿನ ಆಳ 1.6 ಮಿಲಿಮೀಟರ್ ಸಾಕು, ಹಿಮಕ್ಕೆ ಸಾಲಲ್ಲ. ಮುಂದಿನ ಎರಡರಲ್ಲಿ ಮುಳುಗಿತು. ಹಿಂದಿನ ಎರಡರಲ್ಲಿ ಅಂಚಿನ ಒಂದು ಎಳೆ ಹೊರಗೆ ಕಾಣುತ್ತಿದೆ. ಹಿಂದಿನ ಚಕ್ರ ಎಳೆಯುವ ಗಾಡಿಯಲ್ಲಿ ಮೊದಲು ಸವೆಯುವುದು ಹಿಂದಿನದೇ. ಎರಡು ಮಾತ್ರ ಬದಲಿಸಿ ದುಡ್ಡು ಉಳಿಸಬಹುದಿತ್ತು, ಆದರೆ ಮುಂದೆ ಹಿಂದೆ ಹಿಡಿತ ಬೇರೆ ಬೇರೆ ಆಗೋದು ನನಗೆ ಬೇಡ. ನಾಲ್ಕೂ ಹೊಸದು ಬರೆಸಿದ್ದೇನೆ, ಅದೇ ಮಿಶೆಲಿನ್. ಅಕ್ಟೋಬರ್ ಬಂತೆಂದರೆ ಇಲ್ಲಿ ಟೈರ್ ಅಂಗಡಿಗಳಲ್ಲಿ ಸಮಯ ಸಿಗೋದು ಕಷ್ಟ, ನೀವೂ ಸೆಪ್ಟೆಂಬರ್‌ನಲ್ಲೇ ಫೋನ್ ಮಾಡಿ.