ಮೋಡೆಮ್ ಬೇರೆ, ಗೇಟ್‌ವೇ ಬೇರೆ: ಟಿಪಿ-ಲಿಂಕ್ ಇಆರ್605 ಬಳಸಿದ ಅನುಭವ

ಫೈಬರ್ ಸಂಪರ್ಕದ ಜೊತೆಗೆ ಬಂದಿದ್ದ, ಮೋಡೆಮ್, ರೂಟರ್, ವೈಫೈ ಮೂರನ್ನೂ ಒಂದರಲ್ಲೇ ತುಂಬಿದ್ದ ಪೆಟ್ಟಿಗೆಯು ಸಂಜೆಯ ಹೊತ್ತಿಗೆ ಮುಟ್ಟಲಾಗದಷ್ಟು ಬಿಸಿಯಾಗಿ, ಮಗಳ ಆನ್‌ಲೈನ್ ತರಗತಿಯ ನಡುವೆಯೇ ರೀಸ್ಟಾರ್ಟ್ ಆಗುತ್ತಿತ್ತು. ಆದ್ದರಿಂದ ಅದನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿ ಬರಿಯ ಮೋಡೆಮ್ ಆಗಿ ಉಳಿಸಿಕೊಂಡು, ಪಿಪಿಪಿಒಇ ಲಾಗಿನ್ (ಹೆಸರು, ಪಾಸ್‌ವರ್ಡ್ ಕೊಟ್ಟು ಸೇವಾದಾರರ ಜಾಲಕ್ಕೆ ಸೇರುವುದು), ಫೈರ್‌ವಾಲ್, ಐಪಿ ವಿಳಾಸ ಹಂಚುವ ಕೆಲಸಗಳನ್ನೆಲ್ಲ ಐದು ಗಿಗಾಬಿಟ್ ಪೋರ್ಟ್‌ಗಳಿರುವ ಇಆರ್605 ಗೇಟ್‌ವೇಗೆ, ಅಂದರೆ ಮನೆಯ ಜಾಲವನ್ನು ಇಂಟರ್ನೆಟ್‌ಗೆ ಜೋಡಿಸುವ ರೂಟರಿಗೆ, ವಹಿಸಿದೆ. ಇದರಲ್ಲಿ ವೈಫೈ ಇಲ್ಲ ಎಂಬುದನ್ನು ಕೊಳ್ಳುವವರು ಮೊದಲೇ ತಿಳಿದಿರಬೇಕು. ನಾನು ಕಪಾಟಿನಲ್ಲಿದ್ದ ಹಳೆಯ ರೂಟರನ್ನೇ ವೈಫೈ ಹರಡುವ ಆಕ್ಸೆಸ್ ಪಾಯಿಂಟ್ ಮಾಡಿಕೊಂಡೆ. ನಿಜವಾಗಿ ಕಾಡಿದ್ದು ವಿಲ್ಯಾನ್ ಸಂಖ್ಯೆ (ಒಂದೇ ತಂತಿಯಲ್ಲಿ ಬೇರೆ ಬೇರೆ ಜಾಲಗಳನ್ನು ಗುರುತಿಸುವ ಸಂಖ್ಯೆ): ಸೇವಾದಾರರಿಂದ ಅದನ್ನು ಕೇಳಿ ಪಡೆದು ಗೇಟ್‌ವೇಯಲ್ಲಿ ನಮೂದಿಸುವವರೆಗೂ ಸಂಪರ್ಕ ಸಿಗಲೇ ಇಲ್ಲ. ಎರಡನೇ ಕಂಪನಿಯ ಸಂಪರ್ಕವನ್ನೂ ಇದಕ್ಕೇ ಜೋಡಿಸಿದ್ದರಿಂದ, ಈಗ ಒಂದು ಕಡಿತಗೊಂಡರೂ ಇನ್ನೊಂದು ತಾನಾಗಿಯೇ ಕೆಲಸಕ್ಕೆ ಬರುತ್ತದೆ.