ಅಂಗಡಿಯ ಶೇಡ್ ಕಾರ್ಡ್ ನಂಬಿ ಆಫ್‌ವೈಟ್ ಹೊಡೆಸಬೇಡಿ

ಅಮ್ಮನ ರೂಮಿಗೆ ಒಂದೇ ತಿಂಗಳಲ್ಲಿ ಎರಡು ಸಲ ಬಣ್ಣ ಹೊಡೆಸಿದ್ದೇನೆ. ಎರಡು ತಿಳಿ ಬಣ್ಣಗಳ ನಡುವೆ ಯಾವುದು ಅಂತ ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಓದಿ.

ನಮ್ಮದು ಮೈಸೂರಿನ ಹಳೇ ಮನೆ, ರೆಡ್ ಆಕ್ಸೈಡ್ ನೆಲ. ಆ ರೂಮಿಗೆ ಇರುವುದು ಒಂದೇ ಕಿಟಕಿ, ಅದೂ ಉತ್ತರಕ್ಕೆ. ಹೊರಗೆ ದೊಡ್ಡ ಮಾವಿನ ಮರ. ಅಂಗಡಿಯ ಶೇಡ್ ಕಾರ್ಡಿನಲ್ಲಿ, ಅಂದರೆ ಬಣ್ಣದ ಮಾದರಿ ಚೀಟಿಗಳಲ್ಲಿ, ಎರಡು ಆಫ್‌ವೈಟ್ ಹಿಡಿಸಿದವು. ಒಂದರಲ್ಲಿ ಚೂರು ಹಳದಿ, ಇನ್ನೊಂದರಲ್ಲಿ ಚೂರು ಬೂದು. ಅಮ್ಮ ಕೆನೆಬಣ್ಣದ್ದೇ ಇರಲಿ ಅಂದರು. ‘ಎರಡೂ ಒಂದೇ ಥರ ಇದೆಯಲ್ಲಮ್ಮ, ಇದು ನೀಟಾಗಿ ಕಾಣುತ್ತೆ’ ಅಂತ ನಾನೇ ಬೂದಿನದ್ದು ಹೊಡೆಸಿದೆ.

ಒಣಗಿದ ಮೇಲೆ ನೋಡಿದರೆ ಅದು ಬೇರೆಯೇ ಬಣ್ಣ. ಹಗಲು ಮರದ ಹಸಿರು ಬಿದ್ದು ಗೋಡೆ ಪಾಚಿ ಕಟ್ಟಿದ ಹಾಗೆ. ರಾತ್ರಿ ಎಲ್‌ಇಡಿ ಟ್ಯೂಬ್ ಹಾಕಿದರೆ ನೀಲಿ. ‘ಆಸ್ಪತ್ರೆಯಲ್ಲಿ ಮಲಗಿದ ಹಾಗಾಗುತ್ತೆ ಕಣೋ’ ಅಂದವರು, ಮೂರನೇ ದಿನ ಹಾಸಿಗೆ ತಂದು ಹಾಲ್‌ನಲ್ಲಿ ಮಲಗಿದರು. ನನಗೆ ತುಂಬಾ ಬೇಜಾರಾಯಿತು. ಮೊದಲೇ ಹೇಳಿದ್ದರು, ಅಲ್ವಾ?

ಉಳಿದ ಡಬ್ಬ ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಮಷೀನಿನಲ್ಲಿ ಬಣ್ಣ ಬೆರೆಸಿದ ಮೇಲೆ ಅದು ನಮ್ಮದೇ.

ತಿಳಿ ಬಣ್ಣಕ್ಕೆ ತನ್ನದು ಅಂತ ಇರುವುದು ಕಡಿಮೆ. ನೆಲ, ಮರ, ದೀಪ ಎಲ್ಲದರ ಬಣ್ಣವೂ ಅದರ ಮೇಲೆ ಕಾಣುತ್ತದೆ. ನಾಲ್ಕು ಗೋಡೆಗೂ ಹೊಡೆದಾಗ ಬೆಳಕು ಗೋಡೆಯಿಂದ ಗೋಡೆಗೆ ಬಿದ್ದು, ಕಾರ್ಡಿನಲ್ಲಿ ಕಾಣದ ಛಾಯೆ ಜಾಸ್ತಿಯಾಗುತ್ತದೆ. ಬೆರಳಗಲದ ಚೀಟಿಯಲ್ಲಿ, ಅದೂ ಅಂಗಡಿಯ ಬೆಳಕಿನಲ್ಲಿ, ಇದು ಗೊತ್ತಾಗುವುದೇ ಇಲ್ಲ. ಬರೀ ಬಿಳಿ ಹಾಳೆಯ ಮೇಲೆ ಎರಡನ್ನೂ ಇಟ್ಟು ನೋಡಿದ್ದರೂ ಹಳದಿ ಯಾವುದು, ಬೂದು ಯಾವುದು ಅಂತ ಎದ್ದು ಕಾಣುತ್ತಿತ್ತು.

ಎರಡನೇ ಸಲ ಎರಡು ಬಣ್ಣದ್ದೂ ಚಿಕ್ಕ ಸ್ಯಾಂಪಲ್ ತಂದೆ. ದೊಡ್ಡ ಡ್ರಾಯಿಂಗ್ ಶೀಟಿಗೆ ಎರಡೆರಡು ಕೋಟ್ ಹೊಡೆದೆ, ಸುತ್ತ ಬಿಳಿ ಅಂಚು ಬಿಟ್ಟೆ. ಹಳೇ ಗೋಡೆಯ ಮೇಲೆ ನೇರವಾಗಿ ಬಳಿದು ನೋಡಬೇಡಿ, ಪಕ್ಕದ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಪೂರ್ತಿ ಒಣಗಿದ ಮೇಲೆ ಕಿಟಕಿ ಪಕ್ಕ, ಎದುರು ಗೋಡೆ, ನೆಲದ ಹತ್ತಿರ ಅಂಟಿಸಿ ಎರಡು ದಿನ ಬಿಟ್ಟೆವು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೋಡಿದೆವು. ದೀಪವನ್ನೂ ಆಗಲೇ ತೀರ್ಮಾನಿಸಿ. ನಾವು ನೀಲಿ ಛಾಯೆಯ ಬಿಳಿ ಬೆಳಕಿನ 6500 ಕೆಲ್ವಿನ್ ಟ್ಯೂಬ್ ತೆಗೆದು, ಹಳದಿ ಛಾಯೆಯ 3000 ಕೆಲ್ವಿನ್ ಬಲ್ಬ್ ಹಾಕಿದೆವು. ಡಬ್ಬದ ಮೇಲಿನ ಶೇಡ್ ಕೋಡ್ ಬರೆದಿಟ್ಟುಕೊಳ್ಳಿ, ಬೇಕಾದಷ್ಟನ್ನೂ ಒಂದೇ ಸಲ ಬೆರೆಸಿಸಿ.

ಈ ಸಲ ಆರಿಸಿದ್ದು ಅಮ್ಮ. ಕೆನೆಬಣ್ಣವೇ. ಮಧ್ಯಾಹ್ನ ನೆಲದ ಕೆಂಪು ಗೋಡೆಯ ಬುಡಕ್ಕೆ ಸ್ವಲ್ಪ ಹತ್ತುತ್ತದೆ. ಅದನ್ನು ಶೀಟಿನಲ್ಲೇ ನೋಡಿ, ‘ಇರಲಿ ಬಿಡು, ಚೆನ್ನಾಗಿದೆ’ ಅಂದಿದ್ದರು.